ಹತ್ತನೇ ಕ್ಲಾಸ್ ಆದ ಮೇಲೆ ನಮ್ಮ ಹುಡುಗಿಯರು ಫುಟ್ಬಾಲ್ ಎಲ್ಲಿ ಆಡಬೇಕು? (ಮಂಗಳೂರು)

ಬೋಳಾರದ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಆಯ್ತಾ.

ಮೂರು ವರ್ಷದ ಹಿಂದೆ ನನ್ನ ಮಗಳು ಮತ್ತು ಅವಳ ಕ್ಲಾಸಿನ ಐದು ಹುಡುಗಿಯರು ಶಾಲೆಯ ಟೂರ್ನಮೆಂಟಿಗೆ ಅಂತ ಫುಟ್ಬಾಲ್ ಶುರು ಮಾಡಿದರು. ಮೊದಲ ಮ್ಯಾಚಲ್ಲೇ ಸೋತು ಬಂದರು. ಅಲ್ಲಿಗೆ ಶಾಲೆಯವರ ಮಟ್ಟಿಗೆ ಅದು ಮುಗಿಯಿತು. ಇವರಿಗೆ ಮಾತ್ರ ಬಿಡಲಿಕ್ಕೆ ಮನಸ್ಸಿಲ್ಲ. ಮನೆ ಹತ್ತಿರದ ಖಾಲಿ ಜಾಗದಲ್ಲಿ ನಾಲ್ಕು ಚಪ್ಪಲಿ ಇಟ್ಟು ಗೋಲು ಮಾಡಿಕೊಂಡು ಸಂಜೆ ಆಡುತ್ತಿದ್ದರು. ನಾನು ಕಾಲೇಜಿನಲ್ಲಿ ತ್ರೋಬಾಲ್ ಆಡಿದವಳು. ಫುಟ್ಬಾಲಿನ ಗಂಧಗಾಳಿ ಇರಲಿಲ್ಲ. ಮಕ್ಕಳ ಕಾವಲಿಗೆ ಅಂತ ಸುಮ್ನೆ ಹೋಗಿ ಕೂರುತ್ತಿದ್ದೆ. ಕೂತು ಕೂತು ಆಫ್‌ಸೈಡ್ ಅಂದರೆ ಎಂತ ಅಂತ ಕಲಿತೆ.

ಆಮೇಲೆ ಒಬ್ಬೊಬ್ಬರೇ ಸೇರಿಕೊಂಡರು. ಕಳೆದ ವರ್ಷ ಬೇಸಗೆ ರಜೆಯಲ್ಲಿ 22 ಮಂದಿ ಇದ್ದರು. ಬೋಳಾರ, ಜೆಪ್ಪು, ಬಂದರು, ಕುದ್ರೋಳಿಯವರು. ಇಬ್ಬರು ಉಳ್ಳಾಲದಿಂದ ನೇತ್ರಾವತಿ ಸೇತುವೆ ದಾಟಿ ಬಸ್ಸಲ್ಲಿ ಬರುವವರು. ಮನೆಯಲ್ಲಿ ಒಬ್ಬಳದ್ದು ತುಳು, ಒಬ್ಬಳದ್ದು ಬ್ಯಾರಿ, ಇನ್ನೊಬ್ಬಳದ್ದು ಕೊಂಕಣಿ. ಮೈದಾನಕ್ಕೆ ಇಳಿದರೆ ಎಲ್ಲರೂ ಕೂಗುವುದು ಒಂದೇ, "ಬಾಲ್ ಬಿಡು ಮಾರಾಯ್ತಿ!"

ಈಗ 13 ಮಂದಿ ಉಳಿದಿದ್ದಾರೆ. ಹೋದ ಒಂಬತ್ತೂ ಮಂದಿ ಹತ್ತನೇ ಕ್ಲಾಸ್ ಮುಗಿಸಿದವರು.

ಹೋದ ತಿಂಗಳು ಅವರಲ್ಲೊಬ್ಬಳು, ಹಿಂದೆ ಎಡಬದಿ ಕಾಯುವ ನಮ್ಮ ಲೆಫ್ಟ್ ಬ್ಯಾಕ್, ನಮ್ಮ ಮನೆಗೆ ಬಂದಳು. ಕೈಯಲ್ಲಿ ಪೇಪರ್ ಸುತ್ತಿದ ಕಟ್ಟು. ಬಿಚ್ಚಿದರೆ ಅವಳ ಬೂಟು. ತೊಳೆದು ಒಣಗಿಸಿ ತಂದಿದ್ದಾಳೆ. ಸ್ಟಡ್ಸ್ ಸಂದಿಯಲ್ಲಿ ಒಂದು ಚೂರು ಕೆಂಪು ಮಣ್ಣಿಲ್ಲ, ಹಳೇ ಬ್ರಶ್ಶಲ್ಲಿ ಕೂತು ಉಜ್ಜಿರಬೇಕು. ಲೇಸು ಬೇರೆಯೇ ತೊಳೆದು ಮತ್ತೆ ಪೋಣಿಸಿ, ಎರಡೂ ಬೂಟನ್ನು ಸೇರಿಸಿ ಗಂಟು ಹಾಕಿದ್ದಾಳೆ. "ಅಕ್ಕ, ಸಣ್ಣವರಿಗೆ ಯಾರಿಗಾದರೂ ಆಗ್ತದೆ, ಕೊಡಿ" ಎಂದಳು. ಪಿಯುಸಿ ಕಾಮರ್ಸ್ ಸೇರಿದ್ದಾಳೆ. ಕಾಲೇಜು ಬಿಟ್ಟ ಮೇಲೆ ಬಟ್ಟೆ ಅಂಗಡಿಯಲ್ಲಿ ಕೆಲಸ. ಮನೆ ಮುಟ್ಟುವಾಗ ರಾತ್ರಿ ಎಂಟೂವರೆ. ಅಮ್ಮ ಬೀಡಿ ಕಟ್ಟುತ್ತಾರೆ. ನಮ್ಮ ಪ್ರಾಕ್ಟೀಸ್ ಇರುವುದು ಸಂಜೆ ಐದಕ್ಕೆ. ಆಟ ಬಿಡಬೇಡ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಅವಳು ಹೋದ ಮೇಲೆ ಆ ಬೂಟು ನೋಡಿ ನನಗೆ ಅಳು ಬಂತು. ಅವತ್ತೇ ನಿರ್ಧಾರ ಮಾಡಿದೆ, ಇದನ್ನು ಸರಿಯಾದ ಒಂದು ಕ್ಲಬ್ ಮಾಡಬೇಕು. ಶಾಲೆ ಮುಗಿದರೂ, ಕಾಲೇಜು ಬದಲಾದರೂ, ಕೆಲಸಕ್ಕೆ ಸೇರಿದರೂ, ಮದುವೆ ಆದರೂ ಬಂದು ಆಡುವ ಹಾಗೆ ಇರಬೇಕು. ಗಂಡಸರಿಗೆ ಹಾಗೆ ಉಂಟಲ್ವಾ? ನಲವತ್ತು ದಾಟಿದವರೂ ಭಾನುವಾರ ಬೂಟು ಹಾಕಿಕೊಂಡು ಹೊರಡುತ್ತಾರೆ.

ನನಗೆ ನಿಮ್ಮಿಂದ ಬೇಕಾದದ್ದು ಇಷ್ಟು. ಖಾಯಂ ಆಗಿ ಒಂದು ಜಾಗ ಮತ್ತು ಹೊತ್ತು ಹೇಗೆ ಹೊಂದಿಸುವುದು? ಈಗ ಆಡುವುದು ಒಂದು ಶಾಲೆಯ ಮೈದಾನದಲ್ಲಿ. ಅವರ ಹುಡುಗರಿಗೆ ಬೇಕೆಂದ ಕೂಡಲೇ ನಾವು ಬದಿಗೆ ನಿಲ್ಲಬೇಕು. ಮೊನ್ನೆ ನಿಂತು ನಿಂತು ಕತ್ತಲೇ ಆಯಿತು, ವಾಪಸ್ ಬಂದೆವು. ಟರ್ಫಿಗೆ ಗಂಟೆಗೆ ಸಾವಿರದ ಮೇಲೆ ಕೇಳುತ್ತಾರೆ, ವಾರಕ್ಕೆ ಮೂರು ಸಲ ನಮ್ಮಿಂದಾಗದು. ಮತ್ತೆ ಈ ರಿಜಿಸ್ಟ್ರೇಶನ್ ಎಲ್ಲ ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಂದರಿನ ಹಳೇ ಕೀಪರ್

ಅಕ್ಕ, ಬೂಟಿನ ವಿಷಯ ಓದಿ ಸುಮ್ಮನಿರಲಿಕ್ಕೆ ಆಗಲಿಲ್ಲ.

ನಾನು ಬಂದರಿನವನು. ನೆಹರೂ ಮೈದಾನದ ಮಣ್ಣಲ್ಲೇ ಬೆಳೆದವನು. ನಮ್ಮ ಊರಿಗೆ ಫುಟ್ಬಾಲ್ ಹೊಸದಲ್ಲ. ಮ್ಯಾಚ್ ದಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬಂದವರು ಬಸ್ಸು ಬಿಟ್ಟು ಕಟ್ಟೆ ಮೇಲೆ ನಿಂತು ನೋಡಿದ್ದುಂಟು. ಏಳೇಳು ಜನ ಆಡುವ ಸೆವೆನ್ಸ್ ಅಂದರೆ ಕಾಸರಗೋಡಿನಿಂದ ಕೂಡ ತಂಡ ಬರುತ್ತಿತ್ತು. ಆದರೆ ಇಷ್ಟು ವರ್ಷದಲ್ಲಿ ಆ ಮೈದಾನದ ಒಳಗೆ ನಾನು ಹುಡುಗಿಯರನ್ನು ನೋಡಿದ್ದು ಬೆರಳೆಣಿಕೆ. ನಾವು ಯಾರೂ ಅವರನ್ನು ತಡೆಯಲಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಬನ್ನಿ ಅಂತ ಕರೆಯಲೂ ಇಲ್ಲ ಅನ್ನುವುದು ಈಗ ಹೊಳೆಯುತ್ತದೆ.

ಒಂದು ವಿಷಯ ಹೇಳುತ್ತೇನೆ, ತುಂಬಾ ಜನಕ್ಕೆ ಗೊತ್ತಿಲ್ಲ. 1980ರಲ್ಲಿ ಏಷ್ಯಾದ ಮಹಿಳಾ ಚಾಂಪಿಯನ್‌ಷಿಪ್ ನಡೆದದ್ದು ಕೋಝಿಕೋಡಿನಲ್ಲಿ. ನಮ್ಮದೇ ರೈಲು ದಾರಿ, ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಊಟಕ್ಕೆ ಅಲ್ಲಿರಬಹುದು. ಭಾರತದ ಹುಡುಗಿಯರು ಆಗ ಫೈನಲ್ ಆಡಿದ್ದರು. 1983ರಲ್ಲಿ ಮತ್ತೊಮ್ಮೆ ಫೈನಲ್. ಆಮೇಲೆ ಬಹಳ ವರ್ಷ ಅವರನ್ನು ಕೇಳುವವರೇ ಇರಲಿಲ್ಲ. ಆಟ ಗೊತ್ತಿದ್ದವರು ಇದ್ದರು, ಆಡಿಸುವವರು ಇರಲಿಲ್ಲ.

ಈಗ ಕೆಲಸದ ಮಾತು. ನಮ್ಮ ಹಳಬರ ಗುಂಪು ವಾರದಲ್ಲಿ ಮೂರು ದಿನ ಬೆಳಿಗ್ಗೆ ಆರರಿಂದ ಏಳೂವರೆ ತನಕ ಮೈದಾನದಲ್ಲಿ ಆಡುತ್ತದೆ. ನಾವು 16 ಜನ, ಹೆಚ್ಚೆಂದರೆ 18. ಅರ್ಧ ಮೈದಾನ ನಮಗೆ ಸಾಕು. ಇನ್ನರ್ಧ ನೀವು ತೆಗೆದುಕೊಳ್ಳಿ. ಗುಂಪಿನಲ್ಲಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಕೋನು, ಬಿಬ್ಬು, ಒಂದು ಜೊತೆ ಮಡಚುವ ಗೋಲ್‌ಪೋಸ್ಟು ನಮ್ಮಲ್ಲಿ ಉಂಟು. ಬೆಳಗಿನ ಹೊತ್ತಾದರೆ ನಿಮ್ಮ ಲೆಫ್ಟ್ ಬ್ಯಾಕಿಗೂ ಆಗಬಹುದಲ್ವಾ?

ಬೋಳಾರದ ಅಕ್ಕ

ಅಣ್ಣ, ಇದು ನನಗೆ ಹೊಳೆದೇ ಇರಲಿಲ್ಲ ನೋಡಿ. ಮೂರು ವರ್ಷದಿಂದ ಸಂಜೆ ಸಂಜೆ ಅಂತಲೇ ಒದ್ದಾಡುತ್ತಿದ್ದೆ. ನಾಳೆಯೇ ಅವಳ ಮನೆಗೆ ಹೋಗುತ್ತೇನೆ.

ಸುರತ್ಕಲ್ ಅಪ್ಪ

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಮಗಳೂ ಒಂಬತ್ತನೇ ಕ್ಲಾಸ್, ಅವಳೂ ಬಾಲ್ ಹಿಡಿದುಕೊಂಡೇ ತಿರುಗುತ್ತಾಳೆ.

ಹತ್ತನೇ ಆದ ಮೇಲೆ ಪಿಯುಸಿ, ಸಿಇಟಿ, ನೀಟ್. ಟ್ಯೂಷನ್ನಿನಿಂದ ಬರುವಾಗಲೇ ಏಳಾಗುತ್ತದೆ. ಸುರತ್ಕಲಿನಿಂದ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಅಂದರೆ ಐದಕ್ಕೆ ಮನೆ ಬಿಡಬೇಕು. ಕತ್ತಲಲ್ಲಿ ಒಬ್ಬಳನ್ನೇ ಬಸ್‌ಸ್ಟಾಪಿಗೆ ಕಳಿಸಲಿಕ್ಕೆ ನನ್ನಿಂದ ಆಗದು. ಕಾಲು ಮುರಿದರೆ ಯಾರು ನೋಡುವುದು? ಇಷ್ಟೆಲ್ಲ ಮಾಡಿ ಕೊನೆಗೆ ಅವಳಿಗೆ ಸಿಗುವುದು ಎಂತ? ಕ್ರಿಕೆಟ್ ಆದರೂ ಈಗ ಹುಡುಗಿಯರಿಗೆ ದುಡ್ಡು ಉಂಟು ಅನ್ನುತ್ತಾರೆ. ಫುಟ್ಬಾಲಿನಲ್ಲಿ ಉಂಟಾ? ಬೈಯಲಿಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಉಡುಪಿ ಹುಡುಗಿ (ಈಗ ಬೆಂಗಳೂರು)

ಅಂಕಲ್, ನಮ್ಮ ಅಪ್ಪನೂ ಇದನ್ನೇ ಕೇಳಿದ್ದರು, ಇದೇ ಕ್ರಮದಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಉಡುಪಿಯವಳು, ಡಿಗ್ರಿಗೆ ಬೆಂಗಳೂರಿಗೆ ಬಂದೆ. ಇಲ್ಲಿ ರಾಜ್ಯ ಫುಟ್ಬಾಲ್ ಸಂಸ್ಥೆಯ ಮಹಿಳಾ ಲೀಗ್ ಉಂಟು. ನಾನು ಅದರಲ್ಲಿ ಆಡುತ್ತೇನೆ. ದೊಡ್ಡ ಆಟಗಾರ್ತಿ ಅಲ್ಲ, ಎಷ್ಟೋ ಮ್ಯಾಚಲ್ಲಿ ಬೆಂಚಲ್ಲೇ ಕೂತಿದ್ದೇನೆ. ದುಡ್ಡಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ದೇಶದ ಮೇಲಿನ ಲೀಗ್ ಇಂಡಿಯನ್ ವುಮೆನ್ಸ್ ಲೀಗ್. ಶುರುವಾದದ್ದು 2016-17ರಲ್ಲಿ. ಅದರ ಕ್ಲಬ್ಬುಗಳು ಕನಿಷ್ಠ 10 ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದ ಒಪ್ಪಂದ ಕೊಡಬೇಕು ಅಂತ ದೇಶದ ಫುಟ್ಬಾಲ್ ಸಂಸ್ಥೆ ಎಐಎಫ್ಎಫ್ 2023ರಲ್ಲಿ ಘೋಷಿಸಿತು. ಕ್ರಿಕೆಟ್ ಜೊತೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ನಮ್ಮಮ್ಮನ ಕಾಲದಲ್ಲಿ ಇದೂ ಇರಲಿಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022-23ರಲ್ಲಿ ಆ ಲೀಗಿನ ಫೈನಲ್ ತನಕ ಹೋಗಿ ಗೋಕುಲಂ ಕೇರಳದ ಎದುರು ಸೋತಿತು. ಅಂದರೆ ಮೇಲಿನ ಮೆಟ್ಟಿಲು ನಮ್ಮ ರಾಜ್ಯದಲ್ಲೇ ಉಂಟು. ಮಂಗಳೂರಿನಿಂದ ಅಲ್ಲಿಗೆ ಹತ್ತುವ ಕೆಳಗಿನ ಮೆಟ್ಟಿಲು ಇಲ್ಲ.

ಅದು ನನಗೆ ಹೇಗೆ ಗೊತ್ತಾಯಿತು ಅಂದರೆ, ಇಲ್ಲಿ ಮೊದಲ ಟ್ರಯಲ್ಸಿಗೆ ಬಂದಾಗ. ರಾತ್ರಿ ಬಸ್ಸು, ಶಿರಾಡಿ ಘಾಟಿನಲ್ಲಿ ಎರಡು ಗಂಟೆ ಜಾಮ್, ಇಳಿದವಳೇ ಮುಖ ತೊಳೆದು ಮೈದಾನಕ್ಕೆ ಓಡಿದೆ. ಬಾಲ್ ಕಂಟ್ರೋಲ್ ನನ್ನದೇನೂ ಕಡಿಮೆ ಇರಲಿಲ್ಲ. ಆದರೆ ಹನ್ನೊಂದು ಜನರ ಪೂರ್ತಿ ಮೈದಾನದ ಮ್ಯಾಚ್ ನಾನು ಅಷ್ಟರ ತನಕ ಆಡಿದ್ದು ಒಟ್ಟು ನಾಲ್ಕು. ಪಕ್ಕದಲ್ಲಿದ್ದ ಮಣಿಪುರದ ಹುಡುಗಿ ಎಂಟು ವರ್ಷದಿಂದ ಊರಿನ ಕ್ಲಬ್ಬಲ್ಲಿ ಆಡಿದವಳು. ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಅಂತ ಅವಳ ಮೈಗೇ ಗೊತ್ತಿತ್ತು. ಸೀನಿಯರ್ ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಷಿಪ್ ಮಣಿಪುರ 20ಕ್ಕೂ ಹೆಚ್ಚು ಸಲ ಗೆದ್ದಿದೆ. ಯಾಕೆ ಅಂತ ಅವತ್ತು ನನಗೆ ಅರ್ಥ ಆಯಿತು.

ಎಂತ ಸಿಗುತ್ತದೆ ಅಂತ ಕೇಳಿದಿರಿ. ನನಗೆ ಕಾಲೇಜು ಫೀಸಿನಲ್ಲಿ ರಿಯಾಯಿತಿ ಸಿಕ್ಕಿತು. ಒಬ್ಬಳೇ ಊರೂರು ತಿರುಗುವ ಧೈರ್ಯ ಬಂತು. 2025ರ ಜುಲೈ 5ರಂದು ಭಾರತದ ಹುಡುಗಿಯರು ಥಾಯ್ಲೆಂಡಿನಲ್ಲೇ ಥಾಯ್ಲೆಂಡನ್ನು 2-1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದರಲ್ಲ, ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದದ್ದು. ಆ ರಾತ್ರಿ ಹಾಸ್ಟೆಲ್ ರೂಮಲ್ಲಿ ಆರು ಜನ ಒಂದು ಫೋನ್ ಸುತ್ತ ಕೂತು ನೋಡಿದೆವು. ಅರ್ಹತಾ ಪಂದ್ಯ ಗೆದ್ದು ಅಲ್ಲಿಗೆ ಹೋಗುವುದು ಇದೇ ಮೊದಲು. ಅಪ್ಪ ಊರಿನಿಂದ ಫೋನ್ ಮಾಡಿ, "ನೋಡಿದೆಯಾ?" ಅಂತ ಕೇಳಿದರು. ಅಪ್ಪನೂ ನೋಡಿದ್ದರು.

ಕದ್ರಿ ಫಿಸಿಯೋ

ಸುರತ್ಕಲಿನವರು ಕಾಲು ಮುರಿದರೆ ಅಂತ ಕೇಳಿದ್ದಾರೆ. ಅದು ಸರಿಯಾದ ಪ್ರಶ್ನೆ. ಉತ್ತರ ನನ್ನ ಕೆಲಸಕ್ಕೆ ಸೇರಿದ್ದು.

ನಿಜವಾಗಿ ಭಯ ಪಡಬೇಕಾದದ್ದು ಮೊಣಕಾಲಿಗೆ. ಒಳಗೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಒಂದು ಕಟ್ಟು ಇರುತ್ತದೆ. ಓಡುತ್ತಾ ಥಟ್ಟನೆ ತಿರುಗುವಾಗ, ಹಾರಿ ಇಳಿಯುವಾಗ ಅದು ಹರಿಯಬಹುದು. ಹೆಚ್ಚಿನ ಸಲ ಯಾರೂ ತಾಗಿರುವುದೇ ಇಲ್ಲ. ಹುಡುಗರಿಗಿಂತ ಹುಡುಗಿಯರಿಗೆ ಇದು ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ಹರಿದರೆ ಆಪರೇಶನ್ ಬೇಕಾಗಬಹುದು, ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಿಂದ ಒಂದು ವರ್ಷ.

ಆದರೆ ಇದನ್ನು ಬಹಳಷ್ಟು ತಡೆಯಬಹುದು. ಫಿಫಾ 11 ಪ್ಲಸ್ ಅಂತ 20 ನಿಮಿಷದ ಒಂದು ವಾರ್ಮ್‌ಅಪ್ ಉಂಟು. ಮೊದಲು ನಿಧಾನ ಓಟ. ಆಮೇಲೆ ಪ್ಲ್ಯಾಂಕ್, ಒಂಟಿ ಕಾಲಲ್ಲಿ ನಿಲ್ಲುವುದು, ಕೂತು ಏಳುವುದು, ಹಾರಿ ಮೆತ್ತಗೆ ಇಳಿಯುವುದು. ಕೊನೆಗೆ ಜೋರು ಓಟ, ತಿರುವು. ಬಾಲ್ ಬಿಟ್ಟರೆ ಬೇರೆ ಸಾಮಾನು ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಹುಡುಗಿಯರ ಮೇಲೆ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಮಾಡಿದವರಲ್ಲಿ ದೊಡ್ಡ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಆದರೆ ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಬೇಕು. ತಡವಾಯಿತು ಅಂತ ಮೊದಲು ಕೈಬಿಡುವುದೇ ವಾರ್ಮ್‌ಅಪ್ಪನ್ನು. ಹಾಗೆ ಮಾಡಬೇಡಿ. ಹಾರಿ ಇಳಿಯುವಾಗ ಮೊಣಕಾಲು ಒಳಗೆ ಬಾಗುತ್ತದಾ ನೋಡಿ. ಫೋನಲ್ಲಿ ಎದುರಿನಿಂದ ವಿಡಿಯೋ ತೆಗೆದು ಅವಳಿಗೇ ತೋರಿಸಿ. ಸಾವಿರ ಮಾತಿಗಿಂತ ಬೇಗ ಸರಿಯಾಗುತ್ತದೆ.

ಇನ್ನೊಂದು. ಹದಿನಾಲ್ಕು ಹದಿನೈದು ವರ್ಷದ ಹುಡುಗಿ ಇದ್ದಕ್ಕಿದ್ದಂತೆ ಓಡಲು ಸುಸ್ತು ಅಂದರೆ ಸೋಮಾರಿ ಅನ್ನಬೇಡಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಿಗೆ ಕಬ್ಬಿಣದ ಅಂಶ ಕಡಿಮೆ ಇರಬಹುದು. ಹಿಮೋಗ್ಲೋಬಿನ್ ನೋಡಿಸಿ. ಊಟದ ಜೊತೆಗೇ ಚಹಾ ಕುಡಿಯುವ ಅಭ್ಯಾಸ ನಮ್ಮಲ್ಲಿ ತುಂಬಾ. ಚಹಾ ಕುಡಿದರೆ ಮೈ ಕಬ್ಬಿಣ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಲಿ. ಹುರುಳಿ, ಮೀನು, ಮೊಟ್ಟೆ ತಿನ್ನಲಿ. ಮತ್ತೆ ಅಕ್ಕ, ಒಳ್ಳೆಯ ಸ್ಪೋರ್ಟ್ಸ್ ಬ್ರಾ ಬಗ್ಗೆ ನೀವು ತಾಯಂದಿರ ಹತ್ತಿರ ಬಾಯಿಬಿಟ್ಟು ಮಾತಾಡಿ. ಹೇಳಲಾರದೆ ಆಟವನ್ನೇ ಬಿಟ್ಟ ಹುಡುಗಿಯರನ್ನು ನಾನು ನೋಡಿದ್ದೇನೆ.

ತಿಂಗಳಿಗೆ ಒಂದು ಭಾನುವಾರ ನಾನು ಬಂದು ಮಾಡಿಸುತ್ತೇನೆ. ದುಡ್ಡು ಬೇಡ.

ಕುದ್ರೋಳಿ ತಾಯಿ

ನನ್ನ ಮಗಳಿಗೆ 13. ಅಕ್ಕನ ಪ್ರಾಕ್ಟೀಸಿಗೇ ಬರುತ್ತಾಳೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಲಿಗೆ ಉದ್ದ ಟೈಟ್ಸ್ ಹಾಕಿಕೊಂಡು ಆಡುತ್ತಾಳೆ. ಪ್ರಾಕ್ಟೀಸಿಗೆ ಸರಿ, ಮ್ಯಾಚಿಗೆ ಬಿಡುವುದಿಲ್ಲ ಅಂತ ಯಾರೋ ಹೇಳಿದ್ದಾರೆ. ಅದು ಕೇಳಿದ ಮೇಲೆ ಮಗು ಮಂಕಾಗಿದ್ದಾಳೆ. ನಿಯಮ ಎಂತ ಇದೆ?

ರೆಫ್ರಿ ಅಣ್ಣ

ಅಕ್ಕ, ಮಗಳಿಗೆ ಹೇಳಿ, ಬಿಡುತ್ತಾರೆ. ಆಟದ ನಿಯಮದಲ್ಲೇ ಅವಕಾಶ ಉಂಟು. 2014ರಲ್ಲಿ ಅದನ್ನು ಸ್ಪಷ್ಟವಾಗಿ ಒಪ್ಪಿದ್ದಾರೆ. ನಾಲ್ಕನೇ ನಿಯಮ ನೋಡಿ. ತಲೆಯ ಬಟ್ಟೆ ಕಪ್ಪು ಇರಬೇಕು, ಇಲ್ಲದಿದ್ದರೆ ಜೆರ್ಸಿಯ ಮುಖ್ಯ ಬಣ್ಣದ್ದೇ ಇರಬೇಕು. ತಂಡದಲ್ಲಿ ಎಷ್ಟು ಜನ ಕಟ್ಟಿದರೂ ಎಲ್ಲರದ್ದೂ ಒಂದೇ ಬಣ್ಣ. ಜೆರ್ಸಿಗೆ ಹೊಲಿದಿರಬಾರದು. ಪಿನ್ನು ಬೇಡ, ಕುತ್ತಿಗೆ ಹತ್ತಿರ ಗಂಟು ಬೇಡ, ನೇತಾಡುವ ತುದಿ ಬೇಡ. ಎಳೆದರೆ ಸುಲಭವಾಗಿ ಬಿಚ್ಚಿಕೊಳ್ಳುವ ಹಾಗಿದ್ದರೆ ಒಳ್ಳೆಯದು. ಟೈಟ್ಸ್ ಹಾಕಬಹುದು, ಆದರೆ ಚಡ್ಡಿಯ ಬಣ್ಣಕ್ಕೆ ಹೊಂದಬೇಕು. ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಮಾತ್ರ ಮರೆಯಬೇಡಿ, ಅದಿಲ್ಲದೆ ನಾನು ಯಾರನ್ನೂ ಒಳಗೆ ಬಿಡುವುದಿಲ್ಲ.

ಯಾವುದೇ ಮ್ಯಾಚಿನಲ್ಲಿ ಈ ಬಗ್ಗೆ ಮಾತು ಬಂದರೆ ಆಟ ಶುರುವಾಗುವ ಮೊದಲೇ ರೆಫ್ರಿ ಹತ್ತಿರ ಹೋಗಿ ತೋರಿಸಿ. ಮೈದಾನಕ್ಕೆ ಇಳಿದ ಮೇಲೆ ಮಗುವನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಹಾಗಾಗಬಾರದು.

ಕುದ್ರೋಳಿ ತಾಯಿ

ತುಂಬಾ ಉಪಕಾರ ಆಯಿತು ಅಣ್ಣ. ಈಗ ಓದಿ ಹೇಳಿದೆ. ಕಪ್ಪು ಬಟ್ಟೆ ಹುಡುಕುತ್ತಾ ಕಪಾಟು ತೆಗೆದು ಕೂತಿದ್ದಾಳೆ.

ಪಿಇ ಟೀಚರ್

ರಿಜಿಸ್ಟ್ರೇಶನ್ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಒಮ್ಮೆ ವಾಲಿಬಾಲ್ ಕ್ಲಬ್ಬಿಗೆ ಇದನ್ನೆಲ್ಲ ಮಾಡಿದ್ದೇನೆ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಸಂಘ ಮಾಡಿ. ಕನಿಷ್ಠ 7 ಮಂದಿ ಬೇಕು. ಬೈಲಾ, ಅಂದರೆ ಸಂಘದ ನಿಯಮಾವಳಿ ಬರೆಯಬೇಕು, ಜಿಲ್ಲೆಯ ಸಂಘಗಳ ನೋಂದಣಿ ಕಚೇರಿಗೆ ಕೊಡಬೇಕು. ಆಮೇಲೆ ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ. ಪ್ರತಿ ವರ್ಷ ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಅದನ್ನು ಬಿಟ್ಟು ಕೂತರೆ ಮುಂದೆ ಅನುದಾನ ಕೇಳುವಾಗ ತೊಂದರೆ. ಇದಾದ ಮೇಲೆ ಜಿಲ್ಲಾ ಫುಟ್ಬಾಲ್ ಸಂಸ್ಥೆಗೆ ಅರ್ಜಿ. ಆಟಗಾರ್ತಿಯರ ಹೆಸರು ಎಐಎಫ್ಎಫ್‌ನ ಆನ್‌ಲೈನ್ ನೋಂದಣಿಯಲ್ಲಿ ಹಾಕಬೇಕು, ಅದಕ್ಕೆ ಜನನ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಹುಡುಗಿಯರದ್ದು ಎಷ್ಟೋ ಮನೆಯಲ್ಲಿ ಸರಿ ಇರುವುದಿಲ್ಲ. ಹೆಸರಿನ ಒಂದು ಅಕ್ಷರ ಆಧಾರಿನಲ್ಲಿ ಬೇರೆ, ಮಾರ್ಕ್ಸ್ ಕಾರ್ಡಲ್ಲಿ ಬೇರೆ. ಅದನ್ನು ಈಗಲೇ ಸರಿ ಮಾಡಿಸಿ. ಸಮಿತಿಯಲ್ಲಿ ಹೆಂಗಸರೇ ಜಾಸ್ತಿ ಇರಲಿ ಅಂತ ಬೈಲಾದಲ್ಲೇ ಬರೆದುಬಿಡಿ. ಐದು ವರ್ಷದ ಮೇಲೆ ಯಾರು ಬಂದರೂ ಬದಲಾಗಬಾರದು.

ಇನ್ನು ಹತ್ತನೇ ಆದ ಮೇಲೆ ಯಾಕೆ ಬಿಡುತ್ತಾರೆ ಅನ್ನುವುದು. ಮನೆಯವರು, ಓದು, ಕೆಲಸ ಎಲ್ಲ ನಿಜ. ಆದರೆ ನಾನು 18 ವರ್ಷ ಶಾಲೆಯಲ್ಲಿ ನೋಡಿದ್ದು ಬೇರೊಂದು ಕಾರಣ. ಸ್ಕೂಲ್ ಗೇಮ್ಸಲ್ಲಿ 14, 17, 19 ವರ್ಷದ ಒಳಗಿನವರ ವಿಭಾಗ ಉಂಟು. ಕಾಗದದ ಮೇಲೆ ಪಿಯುಸಿಯಲ್ಲೂ ಆಡಬಹುದು. ಆದರೆ ಹೈಸ್ಕೂಲಿನ ಹನ್ನೊಂದು ಮಂದಿ ಹತ್ತು ಕಾಲೇಜಿಗೆ ಚದುರಿ ಹೋಗುತ್ತಾರೆ. ಒಂದೊಂದು ಕಾಲೇಜಿಗೆ ಒಬ್ಬಳು, ಇಬ್ಬರು. ಅವಳು ಹೋಗಿ ಅಲ್ಲಿಯ ಪಿಇ ಸರ್ ಹತ್ತಿರ ಫುಟ್ಬಾಲ್ ಉಂಟಾ ಅಂತ ಕೇಳುತ್ತಾಳೆ. ತಂಡ ಇಲ್ಲಮ್ಮ, ತ್ರೋಬಾಲಿಗೆ ಸೇರು ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಯಾರೂ ಬೇಡ ಅನ್ನಲಿಲ್ಲ, ಆಡಲು ಹತ್ತು ಜನ ಜೊತೆಗಿಲ್ಲ ಅಷ್ಟೇ. ಆ ಹತ್ತು ಕಾಲೇಜಿನ ಒಬ್ಬೊಬ್ಬಳನ್ನು ಮತ್ತೆ ಒಂದೇ ಕಡೆ ಸೇರಿಸುವುದು ಶಾಲೆಯಿಂದ ಆಗದು, ಕಾಲೇಜಿನಿಂದಲೂ ಆಗದು. ಕ್ಲಬ್ಬಿನಿಂದ ಮಾತ್ರ ಆಗುತ್ತದೆ. ಅಕ್ಕ, ನಿಮ್ಮ ಒಂಬತ್ತು ಮಂದಿಗೂ ಫೋನ್ ಮಾಡಿ. ಹೊಸಬರನ್ನು ಹುಡುಕುವುದು ಆಮೇಲೆ.

ಕಾರ್ಕಳದವಳು

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಕಬಡ್ಡಿ ನೋಡಿ. ನಮ್ಮ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರ ವಿಶ್ವಕಪ್ ಗೆದ್ದ ಭಾರತ ತಂಡದ ಕ್ಯಾಪ್ಟನ್. 2010 ಮತ್ತು 2014ರ ಏಷ್ಯನ್ ಗೇಮ್ಸಲ್ಲಿ ಚಿನ್ನ, 2014ರಲ್ಲಿ ಅರ್ಜುನ ಪ್ರಶಸ್ತಿ, ರೈಲ್ವೆಯಲ್ಲಿ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಊರಲ್ಲಿ ಸನ್ಮಾನ ಆಯಿತು. ಮರುದಿನವೇ ಅಜ್ಜಿ ನನಗೆ, "ನೀನೂ ಹೋಗಿ ಆಡು" ಅಂದರು. ಅದಕ್ಕೆ ಮೊದಲು ಇದೇ ಅಜ್ಜಿ ಚಡ್ಡಿ ಹಾಕಿ ಗಂಡಸರ ಎದುರು ಆಡುವುದಾ ಅಂತ ಬೈಯುತ್ತಿದ್ದರು. ನಮ್ಮ ಕಡೆ ಜನ ಹುಡುಗಿಯರ ಆಟಕ್ಕೆ ವಿರೋಧ ಅಲ್ಲ. ಕಣ್ಣಿಗೆ ಕಾಣಬೇಕು.

ಬಂದರಿನ ಹಳೇ ಕೀಪರ್

ಅಜ್ಜಿ ಮಾತಿಗೆ ನೆನಪಾಯಿತು. ಇಂಗ್ಲೆಂಡಿನಲ್ಲಿ 1920ರ ಡಿಸೆಂಬರಲ್ಲಿ ಹುಡುಗಿಯರ ಮ್ಯಾಚ್ ನೋಡಲು 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಅಲ್ಲಿಯ ಫುಟ್ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ಹೊಂದುವುದಿಲ್ಲ ಅಂತ ತನ್ನ ಕ್ಲಬ್ಬುಗಳ ಮೈದಾನದಲ್ಲಿ ಅವರನ್ನು ಬಿಡಲಿಲ್ಲ. ಆ ನಿಷೇಧ ತೆಗೆಯಲು ಐವತ್ತು ವರ್ಷ ಬೇಕಾಯಿತು. ಮೈದಾನ ಕೊಡದಿದ್ದರೆ ಸಾಕು, ಆಟ ತಾನಾಗಿ ನಿಲ್ಲುತ್ತದೆ. ಅದಕ್ಕೇ ನಾನು ಮೊದಲು ಮೈದಾನದ ಮಾತು ಎತ್ತಿದ್ದು.

ಜೆಪ್ಪು ಕೋಚ್

ಪಕ್ಕದ ಬಾಂಗ್ಲಾದೇಶದ ಉದಾಹರಣೆ ಹೇಳಬೇಕು. ಅಲ್ಲಿ ಕಲ್ಸಿಂದೂರ್ ಅಂತ ಗಡಿಯ ಹತ್ತಿರ ಒಂದು ಹಳ್ಳಿ. ಅಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಆಡಿ ಬೆಳೆದ ಹಲವು ಹುಡುಗಿಯರು ದೇಶದ ತಂಡಕ್ಕೆ ಹೋದರು. ಬಾಂಗ್ಲಾದೇಶ 2022 ಮತ್ತು 2024ರಲ್ಲಿ ದಕ್ಷಿಣ ಏಷ್ಯಾದ ದೇಶಗಳ ಸಾಫ್ ಟೂರ್ನಮೆಂಟಲ್ಲಿ ಚಾಂಪಿಯನ್ ಆಯಿತು, ಎರಡು ಸಲವೂ ಕಠ್ಮಂಡುವಿನಲ್ಲಿ ನೇಪಾಳವನ್ನೇ ಸೋಲಿಸಿ. ಅದಕ್ಕೆ ಮೊದಲಿನ ಐದೂ ಸಲ ಆ ಕಪ್ ಭಾರತದ್ದಾಗಿತ್ತು. 2026ರ ಏಷ್ಯಾ ಕಪ್‌ಗೂ ಅವರು ಮೊದಲ ಸಲ ಅರ್ಹತೆ ಪಡೆದರು. ಒಂದು ಹಳ್ಳಿ ಶಾಲೆಯಿಂದ ಅಷ್ಟು ಆಗುವುದಾದರೆ ಮಂಗಳೂರಿನಿಂದ ಯಾಕೆ ಆಗದು?

ಇನ್ನು ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮೈದಾನ ಕೆರೆ ಆಗುತ್ತದೆ. ನಾಲ್ಕು ತಿಂಗಳು ನಿಲ್ಲಿಸಿದರೆ ಅರ್ಧ ಮಕ್ಕಳು ವಾಪಸ್ ಬರುವುದಿಲ್ಲ. ಮಳೆಗೆ ನಿಲ್ಲಿಸಬೇಡಿ, ಸಿಡಿಲಿಗೆ ನಿಲ್ಲಿಸಿ. ಗುಡುಗು ಕೇಳಿದ ಕೂಡಲೇ ಎಲ್ಲರೂ ಕಟ್ಟಡದ ಒಳಗೆ, ಮರದ ಅಡಿಯಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗದೆ ಹೊರಗೆ ಬರಬಾರದು. ನೀರು ನಿಂತ ದಿನ ಯಾವುದಾದರೂ ಹಾಲಲ್ಲಿ ಐದೈದು ಜನರ ಫುಟ್ಸಾಲ್ ಆಡಿಸಿ. ಹುಡುಗಿಯರ ಫುಟ್ಸಾಲಿಗೂ ಈಗ ವಿಶ್ವಕಪ್ ಉಂಟು, ಮೊದಲನೆಯದು 2025ರಲ್ಲಿ ಫಿಲಿಪ್ಪೀನ್ಸಿನಲ್ಲಿ ನಡೆಯಿತು. ಸಣ್ಣ ಜಾಗದಲ್ಲಿ ಆಡಿದವರ ಕಾಲು ಚುರುಕಾಗುತ್ತದೆ. ಒದ್ದೆ ಬೂಟಿನ ಒಳಗೆ ಪೇಪರ್ ತುರುಕಿ ಫ್ಯಾನ್ ಅಡಿ ಇಡಲು ಹೇಳಿ, ಒಲೆ ಹತ್ತಿರ ಬೇಡ, ಅಂಟು ಬಿಡುತ್ತದೆ. 12ರ ಒಳಗಿನವರಿಗೆ 4ನೇ ಸೈಜಿನ ಬಾಲ್ ಕೊಡಿ. 5ನೇ ಸೈಜು ಅವರ ಕಾಲಿಗೆ ಭಾರ.

ಮತ್ತೆ 11 ಜನ ಆಗುವ ತನಕ ಕಾಯಬೇಡಿ. ಏಳು ಜನ ಆದರೆ ಸೆವೆನ್ಸ್ ಆಡಿಸಿ. ತಿಂಗಳಿಗೆ ಒಂದಾದರೂ ಮ್ಯಾಚ್ ಇರಲಿ. ಬರೀ ಪ್ರಾಕ್ಟೀಸಿಗೆ ಯಾವ ಮಕ್ಕಳೂ ಹೆಚ್ಚು ದಿನ ಬರುವುದಿಲ್ಲ.

ಸುರತ್ಕಲ್ ಅಪ್ಪ

ಎಲ್ಲರದ್ದೂ ಓದಿದೆ. ಮಗಳಿಗೂ ಓದಲು ಕೊಟ್ಟೆ. ಫಿಸಿಯೋ ಹೇಳಿದ ವಿಡಿಯೋ ಅಂಗಳದಲ್ಲಿ ತೆಗೆದೆವು. ಎಡ ಮೊಣಕಾಲು ಒಳಗೆ ಬಾಗುತ್ತದೆ, ನನಗೂ ಕಂಡಿತು. ಒಂದು ಮಾತು ನನಗೆ ನಾಟಿತು. ಉಡುಪಿಯ ಮಗುವಿನ ಅಪ್ಪ ಫೋನ್ ಮಾಡಿದ್ದು.

ವಾರದ ದಿನ ಬೆಳಿಗ್ಗೆ ನಮಗೆ ಆಗದು. ಭಾನುವಾರ ಆದರೆ ನಾನೇ ಸ್ಕೂಟರಲ್ಲಿ ಕರೆದುಕೊಂಡು ಬರುತ್ತೇನೆ. ಪಣಂಬೂರು, ಕೂಳೂರು ಕಡೆಯಿಂದ ಬೇರೆ ಯಾರಾದರೂ ಹುಡುಗಿಯರಿದ್ದರೆ ಹೇಳಿ. ಮೂರು ನಾಲ್ಕು ಮಂದಿ ಆದರೆ ರಿಕ್ಷಾ ಮಾಡಿ ಎಲ್ಲರನ್ನೂ ಒಟ್ಟಿಗೆ ತರಬಹುದು, ಜೊತೆಗೆ ಒಬ್ಬರು ದೊಡ್ಡವರು ಇರುತ್ತೇವೆ. ಪಿಯುಸಿ ಬಗ್ಗೆ ಇನ್ನೂ ಯೋಚನೆ ಉಂಟು ನನಗೆ, ಸುಳ್ಳು ಹೇಳುವುದಿಲ್ಲ.

ಕೂಳೂರು ಚಿಕ್ಕಮ್ಮ

ನಮ್ಮ ಅಕ್ಕನ ಮಗಳು ಇದ್ದಾಳೆ ಸರ್, ಪಿಯುಸಿ ಎರಡನೇ ವರ್ಷ. ಹೈಸ್ಕೂಲಲ್ಲಿ ಗೋಲ್‌ಕೀಪರ್ ಆಗಿದ್ದಳು. ಆಡದೆ ಎರಡು ವರ್ಷ ಆಯಿತು. ಬರಬಹುದಾ?

ಬಂದರಿನ ಹಳೇ ಕೀಪರ್

ಕೀಪರಾ? ಖಂಡಿತ ಬರಲಿ ಅಕ್ಕ. ಗ್ಲೌಸ್ ನಾನು ಕೊಡುತ್ತೇನೆ. ಅವಳಿಗೆ ಡೈವ್ ಕಲಿಸುವ ಕೆಲಸ ನನ್ನದು.

ಬೋಳಾರದ ಅಕ್ಕ

ಎಲ್ಲರಿಗೂ ಹೇಗೆ ಧನ್ಯವಾದ ಹೇಳುವುದು ಗೊತ್ತಾಗುತ್ತಿಲ್ಲ.

ಟೀಚರ್ ಹೇಳಿದ ಹಾಗೆ ಒಂಬತ್ತು ಮಂದಿಗೂ ಫೋನ್ ಮಾಡಿದೆ. ಇಬ್ಬರ ನಂಬರ್ ಬದಲಾಗಿದೆ. ಒಬ್ಬಳು ನರ್ಸಿಂಗ್ ಸೇರಿ ಬೇರೆ ಊರಲ್ಲಿದ್ದಾಳೆ, ರಜೆಗೆ ಬಂದಾಗ ಬರುತ್ತೇನೆ ಅಂದಳು. ಒಬ್ಬಳ ಮನೆಯಲ್ಲಿ ಬೇಡ ಅಂದರು, ನಾನು ಒತ್ತಾಯ ಮಾಡಲಿಲ್ಲ, ಇನ್ನೊಮ್ಮೆ ಮನೆಗೇ ಹೋಗಿ ಕೂತು ಮಾತಾಡುತ್ತೇನೆ. ಉಳಿದ ಐವರು ಬೆಳಿಗ್ಗೆ ಆದರೆ ಬರುತ್ತಾರೆ.

ಲೆಫ್ಟ್ ಬ್ಯಾಕ್ ಮನೆಗೂ ಹೋಗಿ ಬಂದೆ. ಅವಳ ಅಮ್ಮ ಜಗಲಿಯಲ್ಲಿ ಗೆರಸೆ ತೊಡೆ ಮೇಲೆ ಇಟ್ಟು ಬೀಡಿ ಕಟ್ಟುತ್ತಿದ್ದರು. ನಾನು ಮಾತಾಡಿದಷ್ಟು ಹೊತ್ತೂ ಕೈ ನಿಲ್ಲಲಿಲ್ಲ. ಎಲ್ಲ ಕೇಳಿ ಆದ ಮೇಲೆ, "ಏಳೂವರೆಗೆ ಬಿಟ್ಟರೆ ಕಾಲೇಜಿಗೆ ಮುಟ್ಟುತ್ತಾಳಲ್ಲ?" ಅಂತ ಕೇಳಿದರು. ಮುಟ್ಟುತ್ತಾಳೆ ಅಂದೆ. "ಹಾಗಾದರೆ ನಾನು ಎಂತ ಹೇಳಲಿ, ಅವಳನ್ನೇ ಕೇಳಿ" ಅಂದರು. ಅವಳು ಒಳಗಿನಿಂದಲೇ, "ಅಕ್ಕ, ಬೂಟು ಕೊಟ್ಟುಬಿಟ್ರಾ?" ಅಂತ ಕೇಳಿದಳು.

ಕೊಟ್ಟಿರಲಿಲ್ಲ. ಅದೇ ಪೇಪರಲ್ಲಿ ಸುತ್ತಿ ನಮ್ಮ ಮಂಚದ ಅಡಿಯಲ್ಲೇ ಇದೆ.

ಈ ಭಾನುವಾರ ಬೆಳಿಗ್ಗೆ ಆರಕ್ಕೆ ನೆಹರೂ ಮೈದಾನದಲ್ಲಿ ಸೇರೋಣ. ಮೊದಲು ವಾರ್ಮ್‌ಅಪ್, ಆಮೇಲೆ ಅರ್ಧ ಮೈದಾನದಲ್ಲಿ ಸೆವೆನ್ಸ್. ಸಂಘಕ್ಕೆ ಸಹಿ ಹಾಕುವ ಏಳು ಮಂದಿ ಬೇಕಲ್ಲ, ಹದಿನೆಂಟು ದಾಟಿದವರು ಆಧಾರ್ ಜೆರಾಕ್ಸ್ ತನ್ನಿ. ನೀರು ಅವರವರದ್ದು. ಬನ್ಸ್ ನಾನು ಮಾಡಿ ತರುತ್ತೇನೆ.

ಕೂಳೂರು ಚಿಕ್ಕಮ್ಮ

ಅಕ್ಕ, ಯಾವ ಗೇಟು?

ಬೋಳಾರದ ಅಕ್ಕ

ಸ್ಟೇಟ್‌ಬ್ಯಾಂಕ್ ಬದಿಗೆ ಬನ್ನಿ. ಬೊಂಡದ ಗಾಡಿ ಹತ್ತಿರ ನಿಂತಿರುತ್ತೇನೆ, ಕೈಯಲ್ಲಿ ಬಾಲಿನ ಚೀಲ ಇರುತ್ತದೆ.